ಬಾಕ್ಸ್ ಮೇಲಿನ ವಾಟ್ ನಂಬಿ ಸ್ಟೀರಿಯೊ ರಿಸೀವರ್ ಕೊಳ್ಳಬೇಡಿ

ಕಡಿಮೆ ಬೆಲೆಯ ಸ್ಟೀರಿಯೊ ರಿಸೀವರ್ (ರೇಡಿಯೊ, ಆಂಪ್ಲಿಫೈಯರ್ ಎರಡೂ ಸೇರಿರುವ, ಸ್ಪೀಕರ್‌ಗಳನ್ನು ನಡೆಸುವ ಯಂತ್ರ) ಕೊಳ್ಳುವ ಯೋಚನೆಯಲ್ಲಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಚಾನೆಲ್ಲಿಗೆ, ಅಂದರೆ ಎಡ-ಬಲ ಬದಿ ಒಂದೊಂದಕ್ಕೂ, 100 ವಾಟ್ ಎಂದು ಬಾಕ್ಸ್ ಮೇಲೆ ದಪ್ಪ ಅಕ್ಷರಗಳಲ್ಲಿ ಅಚ್ಚಾಗಿದ್ದ ರಿಸೀವರ್ ಒಂದನ್ನು ನಾನು ಕೊಂಡೆ. ಹಣ ಕೊಡುವ ಮೊದಲೇ, ನನ್ನಲ್ಲಿರುವ ಸ್ಪೀಕರ್‌ಗಳು 4 ಓಮ್‌ನವು (ಓಮ್ ಎಂದರೆ ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆಯ ಅಳತೆ, ಅದು ಕಡಿಮೆಯಾದಷ್ಟೂ ಯಂತ್ರಕ್ಕೆ ಹೊರೆ ಹೆಚ್ಚು), ಇದು ಅವನ್ನು ತಡೆದುಕೊಳ್ಳುತ್ತದೆಯೇ ಎಂದು ಅಂಗಡಿಯವರನ್ನು ಸ್ಪಷ್ಟವಾಗಿ ಕೇಳಿದ್ದೆ. "ಏನೂ ಯೋಚನೆ ಮಾಡಬೇಡಿ ಸರ್, 100 ವಾಟ್ ಇದೆ, ಯಾವ ಸ್ಪೀಕರ್ ಹಾಕಿದ್ರೂ ಆರಾಮಾಗಿ ಓಡುತ್ತೆ" ಎಂದರು. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ.

ಸಣ್ಣ ದನಿಯಲ್ಲಿ ಕೇಳುವಾಗ ಯಾವ ತೊಂದರೆಯೂ ಇರಲಿಲ್ಲ. ವಾಲ್ಯೂಮ್ ಸ್ವಲ್ಪ ಏರಿಸಿ, ಡ್ರಮ್ಮಿನ ಜೋರು ಪೆಟ್ಟುಗಳು ಬರುವ ಹೊತ್ತಿಗೆ ಒಳಗಿನಿಂದ 'ಟಕ್' ಎಂದು ರಿಲೇ (ತಾನಾಗಿಯೇ ಆರುವ ಸ್ವಿಚ್) ಬೀಳುವ ಸದ್ದು ಕೇಳಿಸಿತು, ಹಾಡು ನಿಂತಿತು, ಡಿಸ್‌ಪ್ಲೇ ಮೇಲೆ 'ಪ್ರೊಟೆಕ್ಟ್' ಎಂಬ ಪದ ಮಿನುಗತೊಡಗಿತು. ಮೇಲಿನ ಮುಚ್ಚಳ ಕೈ ಇಡಲಾರದಷ್ಟು ಕಾದಿತ್ತು. ಆರಿದ ಮೇಲೆ ಮತ್ತೆ ಹಚ್ಚಿದರೆ ಮತ್ತೆ ಅದೇ ಕಥೆ.

ಸರ್ವಿಸ್ ಸೆಂಟರ್‌ನವರು ಯಂತ್ರವನ್ನು ಬಿಚ್ಚಿಯೂ ನೋಡಲಿಲ್ಲ. "ಹಿಂಬದಿಯಲ್ಲಿ 6ರಿಂದ 16 ಓಮ್ ಅಂತ ಬರೆದಿದೆ, ನೀವು 4 ಓಮ್ ಹಾಕಿದ್ದೀರಿ, ವಾರಂಟಿ ಬರೋದಿಲ್ಲ" ಎಂದು ಕೈತೊಳೆದುಕೊಂಡರು. ಅಲ್ಲಿಂದ ಅಂಗಡಿಗೆ ಹೋದೆ. ಆರಾಮಾಗಿ ಓಡುತ್ತದೆ ಎಂದು ಹೇಳಿದ್ದ ಅದೇ ವ್ಯಕ್ತಿ, ಬೇರೆ ಗಿರಾಕಿಗಳ ಎದುರಿನಲ್ಲೇ, "ನಾವು ಹಾಗೆ ಹೇಳಿದ್ದಕ್ಕೆ ಏನಾದ್ರೂ ಬರೆದುಕೊಟ್ಟಿದ್ದೀವಾ ಸರ್?" ಎಂದು ಕೇಳಿದರು. ಸುಳ್ಳು ಹೇಳಿದವರು ಅವರು, ತಲೆ ತಗ್ಗಿಸಿ ನಿಂತವನು ನಾನು. ಅದನ್ನು ಬರೆಯುವಾಗ ಈಗಲೂ ಮೈ ಉರಿಯುತ್ತದೆ.

ಆ ರಾತ್ರಿ ಕೈಪಿಡಿಯ ಕೊನೆಯ ಪುಟವನ್ನು ಓದಿದೆ. ಬಾಕ್ಸಿನ ಮೇಲಿದ್ದ ಆ 100 ವಾಟ್ 6 ಓಮ್‌ಗೆ, 1 ಕಿಲೋಹರ್ಟ್ಸ್‌ನ ಒಂದೇ ಸ್ವರಕ್ಕೆ, ಶೇ. 10 ಡಿಸ್ಟಾರ್ಷನ್ (ದನಿ ಕೆಡುವ ಪ್ರಮಾಣ) ಇರುವಾಗ, ಒಂದು ಚಾನೆಲ್ ಮಾತ್ರ ಕೆಲಸ ಮಾಡುತ್ತಿರುವಾಗ ಅಳೆದದ್ದು! ಸ್ಟೀರಿಯೊ ಎಂದು ಮಾರಿದ ವಸ್ತುವಿನ ಶಕ್ತಿಯನ್ನು ಒಂದೇ ಚಾನೆಲ್ ನಡೆಸಿ ಅಳೆದಿದ್ದಾರೆ. ಶೇ. 10 ಡಿಸ್ಟಾರ್ಷನ್ ಎಂದರೆ ಸಂಗೀತ ಕಿವಿಗೇ ಒಡೆದು ಕೇಳಿಸುವ ಮಟ್ಟ. ಅದರ ಕೆಳಗಿನ ಸಾಲಿನಲ್ಲಿ, ಎರಡೂ ಚಾನೆಲ್ ನಡೆಯುವಾಗ, 8 ಓಮ್‌ಗೆ, 20ರಿಂದ 20,000 ಹರ್ಟ್ಸ್‌ವರೆಗೆ, ಅಂದರೆ ಕಿವಿಗೆ ಕೇಳುವ ಇಡೀ ವ್ಯಾಪ್ತಿಯಲ್ಲಿ, ಸಿಗುವುದು 45 ವಾಟ್ ಎಂದಿತ್ತು. 4 ಓಮ್‌ನ ಪ್ರಸ್ತಾಪವೇ ಇರಲಿಲ್ಲ. ಅದೇ ವೋಲ್ಟೇಜ್‌ಗೆ 4 ಓಮ್ ಸ್ಪೀಕರ್ 8 ಓಮ್‌ನದಕ್ಕಿಂತ ಎರಡು ಪಟ್ಟು ಕರೆಂಟ್ ಎಳೆಯುತ್ತದೆ. ನನ್ನ ರಿಸೀವರ್ ಕಾದು ನಿಂತದ್ದು ಅದಕ್ಕೇ. ಈ ಕೈಪಿಡಿಯಾದರೂ ಸೀಲ್ ಮಾಡಿದ ಬಾಕ್ಸಿನ ಒಳಗಿರುತ್ತದೆ, ಹಣ ಕೊಟ್ಟ ಮೇಲೆ ಮಾತ್ರ ಓದಲು ಸಿಗುತ್ತದೆ.

ಕಂಪನಿಗೆ ಬರೆದಾಗ ಬಂದ ಉತ್ತರ ಇಷ್ಟೇ: "ಬಾಕ್ಸ್ ಮೇಲಿನ ಮಾಹಿತಿ ಸರಿಯಾಗಿದೆ. ಮಾಪನದ ವಿವರ ಕೈಪಿಡಿಯಲ್ಲಿ ಲಭ್ಯವಿದೆ." 45 ವಾಟ್ ಎಂದು ನೇರವಾಗಿ ಹೇಳಿದ್ದರೆ ನನಗೇನೂ ಬೇಸರವಿರಲಿಲ್ಲ. ವಾಟ್ ಅರ್ಧವಾದರೆ ದನಿಯಲ್ಲಿ ಕಡಿಮೆಯಾಗುವುದು 3 ಡೆಸಿಬೆಲ್ ಮಾತ್ರ, ಮನೆಯ ಒಂದು ಕೋಣೆಗೆ 45 ವಾಟ್ ಬೇಕಾದಷ್ಟಾಯಿತು. ಅಷ್ಟಕ್ಕಾಗಿ ಸುಳ್ಳು ಹೇಳುವ ಅಗತ್ಯವೇನಿತ್ತು?

ಈ ಮೋಸ ಹೊಸದೂ ಅಲ್ಲ. ಇಂಥ ವಾಟ್ ಲೆಕ್ಕಗಳಿಗೆ ಕಡಿವಾಣ ಹಾಕಲೆಂದೇ ಅಮೆರಿಕ 1974ರಲ್ಲಿ ನಿಯಮ ಮಾಡಿತ್ತು, 2024ರಲ್ಲಿ ಅದನ್ನು ತಿದ್ದಿ, 8 ಓಮ್, 20ರಿಂದ 20,000 ಹರ್ಟ್ಸ್, ಶೇ. 1ಕ್ಕಿಂತ ಕಡಿಮೆ ಡಿಸ್ಟಾರ್ಷನ್ ಎಂದು ಅಳತೆಯ ಷರತ್ತುಗಳನ್ನೂ ಗೊತ್ತುಪಡಿಸಿತು. ನೀವೂ ಅದೇ ಷರತ್ತಿನ ಸಂಖ್ಯೆಯನ್ನು ಕೇಳಿ. ಕೈಪಿಡಿಯನ್ನು ಕಂಪನಿಯ ವೆಬ್‌ಸೈಟಿನಿಂದ ಇಳಿಸಿಕೊಂಡು ಕೊನೆಯ ಪುಟ ನೋಡಿ. ಎ ಮತ್ತು ಬಿ ಎಂದು ಎರಡು ಜೋಡಿ ಸ್ಪೀಕರ್ ಒಟ್ಟಿಗೆ ಹಚ್ಚುವವರು ಇನ್ನೂ ಜಾಗ್ರತೆಯಿಂದಿರಿ, ಸಾಮಾನ್ಯವಾಗಿ ಆಗ 8 ಓಮ್‌ನ ಎರಡು ಸ್ಪೀಕರ್ ಸೇರಿ 4 ಓಮ್ ಆಗುತ್ತವೆ. ನಿಮ್ಮ ಸ್ಪೀಕರಿನ ಓಮ್ ಸಂಖ್ಯೆಯನ್ನು ಬಿಲ್ಲಿನ ಮೇಲೆಯೇ ಬರೆಸಿಕೊಂಡು ಸಹಿ ಹಾಕಿಸಿ.

ಅಂಗಡಿಯವರು ಈಗ ನನಗೆ ಹೇಳುತ್ತಿರುವುದು, ಇದನ್ನು ಅರ್ಧ ಬೆಲೆಗೆ ವಾಪಸ್ ತೆಗೆದುಕೊಂಡು ಇನ್ನೂ ದೊಡ್ಡ ಮಾಡೆಲ್ ಕೊಡುತ್ತೇವೆ ಎಂದು. ಅದರ ಬಾಕ್ಸ್ ಮೇಲೆ 140 ವಾಟ್ ಎಂದಿದೆ. ಎಷ್ಟು ಓಮ್‌ಗೆ ಎಂದು ಕೇಳಿದ್ದೇನೆ, ಇನ್ನೂ ಉತ್ತರ ಬಂದಿಲ್ಲ.