ತುಮಕೂರಿನ ಹುಡುಗಿಯರ ಬಾಕ್ಸಿಂಗ್ ಬ್ಯಾಚ್: ಮಗಳನ್ನು ಸೇರಿಸೋ ಮೊದಲು ಓದಿ

ಐದಕ್ಕೆ ನಾಲ್ಕು ಸ್ಟಾರ್ ಕೊಟ್ಟಿದ್ದೇನೆ. ಒಂದು ಯಾಕೆ ಕಡಿಮೆ ಅಂತ ಆಮೇಲೆ ಹೇಳುತ್ತೇನೆ.

ನನ್ನ ಮಗಳು ಈಗ ಫಸ್ಟ್ ಪಿಯುಸಿ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ರಜೆಯಲ್ಲಿ ಇಲ್ಲಿಗೆ ಸೇರಿದಳು, ಇನ್ನೂ ಬಿಟ್ಟಿಲ್ಲ. ಸಂಜೆ ಐದೂವರೆಯಿಂದ ಏಳರವರೆಗೆ ಹುಡುಗಿಯರ ಬ್ಯಾಚ್ ಇರುತ್ತದೆ, ಶನಿವಾರ ಬೆಳಗ್ಗೆ ಅಮಾನಿಕೆರೆ ಹತ್ತಿರ ಓಟ. ಫೀಸು ತಿಂಗಳಿಗೆ 1,200 ರೂಪಾಯಿ. ಗ್ಲೌಸ್ ಶುರುವಿನಲ್ಲಿ ಅವರೇ ಕೊಡುತ್ತಾರೆ. ಕೈಗೆ ಸುತ್ತುವ ಬ್ಯಾಂಡೇಜು, ಮೌತ್‌ಗಾರ್ಡು ಮಾತ್ರ ನಮ್ಮದೇ ಇರಬೇಕು, ಅದು ಸರಿ ಕೂಡ.

ಮೊದಲ ವಾರ ಪೂರ್ತಿ ಗ್ಲೌಸ್ ಮುಟ್ಟಿಸಲಿಲ್ಲ. ಮಗಳಿಗೆ ಬೇಜಾರು, ನನಗೆ ಖುಷಿ. ಕೈಗೆ ಬ್ಯಾಂಡೇಜು ಸುತ್ತುವುದನ್ನೇ ಕಲಿಸಿದರು. ನಾಲ್ಕೂವರೆ ಮೀಟರ್ ಉದ್ದದ ಬಟ್ಟೆ ಪಟ್ಟಿ ಅದು. ತುದಿಯ ಕುಣಿಕೆಗೆ ಹೆಬ್ಬೆರಳು ತೂರಿಸಬೇಕು, ಮಣಿಕಟ್ಟಿಗೆ ಮೂರು ಸುತ್ತು, ಗೆಣ್ಣುಗಳ ಮೇಲೆ ಮೂರು ಸುತ್ತು, ಆಮೇಲೆ ಒಂದೊಂದೇ ಬೆರಳ ಸಂದಿಯಲ್ಲಿ ಎಳೆದು ತಂದು, ಮತ್ತೆ ಮಣಿಕಟ್ಟಿಗೆ ಬಂದು ಮುಗಿಸಬೇಕು. ಸಡಿಲ ಇದ್ದರೆ ಕೋಚ್ ಪೂರ್ತಿ ಬಿಚ್ಚಿಸಿ ಇನ್ನೊಂದು ಸಲ ಸುತ್ತಿಸುತ್ತಾರೆ. ಬಿಗಿ ಜಾಸ್ತಿ ಆಗಿ ಬೆರಳ ತುದಿ ಬೆಳ್ಳಗಾದರೂ ಹಾಗೇ. "ನೋಡಮ್ಮ, ಕೈ ಮುರಿದ್ರೆ ಆರು ತಿಂಗಳು ಮನೇಲಿ ಕೂರಬೇಕಾಗುತ್ತೆ, ಐದು ನಿಮಿಷ ತಾಳ್ಮೆ ಇರಲಿ" ಅಂತಾರೆ. ಇಂಥ ಕೋಚ್ ಕೈಗೆ ಮಗಳನ್ನು ಒಪ್ಪಿಸಬಹುದು ಅಂತ ನನಗೆ ಅನ್ನಿಸಿದ್ದು ಆಗಲೇ.

ಸ್ಪಾರಿಂಗ್‌ಗೂ ಆತುರ ಇಲ್ಲ. ಕಾಲಿನ ನಡೆ, ಕೈ ಎತ್ತಿ ಮುಖ ಕಾಯೋ ಗಾರ್ಡು, ಬ್ಯಾಗು, ಪ್ಯಾಡು, ಇಷ್ಟು ಬಂದ ಮೇಲೇ ಎದುರು ಇನ್ನೊಬ್ಬರನ್ನು ನಿಲ್ಲಿಸುವುದು. ಅದೂ ದಪ್ಪನೆಯ 14 ಔನ್ಸ್ ಗ್ಲೌಸು, ಹೆಡ್‌ಗಾರ್ಡು, ಎದೆಗೆ ಗಾರ್ಡು, ಎಲ್ಲಾ ಹಾಕಿಸಿ. ಹೆಡ್‌ಗಾರ್ಡ್ ಹಾಕಿದರೆ ಹುಬ್ಬು ಹರಿಯೋದು ತಪ್ಪುತ್ತದೆ, ಒಳಗೆ ಮಿದುಳು ಅಲುಗಾಡೋದು ತಪ್ಪಲ್ಲ ಅಂತ ಅಪ್ಪ ಅಮ್ಮಂದಿರ ಎದುರಿಗೇ ಹೇಳುತ್ತಾರೆ. ಯಾರಿಗಾದರೂ ಪೆಟ್ಟು ಬಿದ್ದು ತಲೆನೋವು ಬಂತು ಅಂದರೆ ಅವತ್ತಿಗೆ ಸ್ಪಾರಿಂಗ್ ಮುಗೀತು, ಡಾಕ್ಟರ್ ಸರಿ ಅನ್ನೋವರೆಗೂ ಇಲ್ಲ. ನಮ್ಮ ಅತ್ತೆಗೆ "ಮೂಗು ಮುರ್ಕೊಂಡ್ರೆ ಗತಿ ಏನು" ಅನ್ನೋ ಭಯ ಇತ್ತು. ಒಂದು ಸಂಜೆ ಕರೆದುಕೊಂಡು ಹೋಗಿ ಕೂರಿಸಿದೆ. ಆಮೇಲೆ ಆ ಮಾತು ಎತ್ತಿಲ್ಲ.

ಮುಟ್ಟಿನ ದಿನಗಳ ವಿಷಯ ಹೇಳಲೇಬೇಕು. ಇಲ್ಲಿ ಯಾರೂ ಪಿಸುಗುಟ್ಟುವುದಿಲ್ಲ. ಹೊಟ್ಟೆನೋವು ಇದ್ದರೆ ಸೀನಿಯರ್ ಅಕ್ಕನ ಹತ್ತಿರ ಹೇಳಿದರೆ ಸಾಕು, ಅವತ್ತು ಹಗುರವಾಗಿ ಮಾಡುತ್ತಾರೆ. ನೋವಿಲ್ಲದವರು ಎಂದಿನ ಹಾಗೇ ಆಡುತ್ತಾರೆ. ಇಂಗ್ಲೆಂಡಿನ ಜೇನ್ ಕೌಚ್ ಅನ್ನೋ ಬಾಕ್ಸರ್‌ಗೆ ಅಲ್ಲಿನ ಬಾಕ್ಸಿಂಗ್ ಬೋರ್ಡು ಲೈಸೆನ್ಸ್ ಕೊಡದೆ, ಮುಟ್ಟಿನ ಸಮಯದಲ್ಲಿ ಹೆಂಗಸರ ಮನಸ್ಸು ಸ್ಥಿಮಿತದಲ್ಲಿ ಇರಲ್ಲ ಅಂತೆಲ್ಲಾ ವಾದ ಮಾಡಿತ್ತು. ಆಕೆ ಕೇಸು ಹಾಕಿ 1998ರಲ್ಲಿ ಗೆದ್ದರು. ಅದಾಗಿ ಇನ್ನೂ ಮೂವತ್ತು ವರ್ಷ ಆಗಿಲ್ಲ!

ತೂಕದ ವಿಷಯದಲ್ಲಿ ಕೋಚ್ ತುಂಬಾ ಕಟ್ಟುನಿಟ್ಟು. ಊಟ ಬಿಟ್ಟು ತೂಕ ಇಳಿಸಿಕೊಂಡು ಬಂದರೆ ರಿಂಗ್ ಹತ್ತಿಸುವುದಿಲ್ಲ. ಮುದ್ದೆ, ಮೊಟ್ಟೆ, ಕಾಳು, ಮೊಸರು, ಮನೆಯಲ್ಲಿ ಏನಿದೆಯೋ ಅದನ್ನೇ ಹೊಟ್ಟೆ ತುಂಬಾ ತಿನ್ನಿ ಅನ್ನುತ್ತಾರೆ. ಬೆಳೆಯೋ ಮಕ್ಕಳು, ಅಲ್ವಾ? ದೊಡ್ಡ ಬಾಕ್ಸರ್‌ಗಳಿಗೂ ಆಡೋ ವಿಭಾಗಕ್ಕೆ ತೂಕ ಹೊಂದಿಸಿಕೊಳ್ಳೋದು ದೊಡ್ಡ ಕಷ್ಟವೇ. 2012ರ ಲಂಡನ್‌ನಲ್ಲಿ ಮೊದಲ ಸಲ ಹೆಂಗಸರ ಬಾಕ್ಸಿಂಗ್ ಒಲಿಂಪಿಕ್ಸ್‌ಗೆ ಬಂದಾಗ ಇದ್ದಿದ್ದು ಮೂರೇ ತೂಕದ ವಿಭಾಗ, 51, 60, 75 ಕೆಜಿ. 46, 48 ಕೆಜಿಯಲ್ಲಿ ವಿಶ್ವ ಚಾಂಪಿಯನ್ ಆಗಿದ್ದ ಮೇರಿ ಕೋಮ್ ತಮಗಿಂತ ದೊಡ್ಡ ಮೈಯವರ ಜೊತೆ 51ರಲ್ಲಿ ಆಡಿ ಕಂಚು ತಂದರು. ನಿಖತ್ ಜರೀನ್ 2022ರಲ್ಲಿ ವಿಶ್ವ ಚಾಂಪಿಯನ್ ಆಗಿದ್ದು 52 ಕೆಜಿಯಲ್ಲಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಆ ತೂಕವೇ ಇರಲಿಲ್ಲ, 50ಕ್ಕೆ ಇಳಿಯಬೇಕಾಯಿತು.

ಈಗ ನನಗೆ ಎಲ್ಲಕ್ಕಿಂತ ಹಿಡಿಸಿದ ವಿಷಯ. 2024ರ ನವೆಂಬರ್‌ನಲ್ಲಿ ಪ್ರೊಫೆಷನಲ್ ಬಾಕ್ಸರ್‌ಗಳಾದ ಕೇಟಿ ಟೇಲರ್, ಅಮಾಂಡಾ ಸೆರಾನೊ ಫೈಟು ನೆಟ್‌ಫ್ಲಿಕ್ಸ್‌ನಲ್ಲಿ ಬಂತಲ್ಲ, ಅದರ ತುಣುಕುಗಳನ್ನು ಈ ಹುಡುಗಿಯರೆಲ್ಲಾ ನೋಡಿದ್ದಾರೆ. "ಸರ್, ನಾವೂ ಪ್ರೊಫೆಷನಲ್ ಆಗಬಹುದಾ?" ಅಂತ ಒಬ್ಬಳು ಕೇಳಿದಳು. ಬೇರೆ ಕಡೆ ಆಗಿದ್ದರೆ "ಯಾಕಾಗಲ್ಲ, ಸ್ಪೆಷಲ್ ಕೋಚಿಂಗ್ ಇದೆ, ಫೀಸು ಇಷ್ಟು" ಅಂತ ಶುರು ಮಾಡುತ್ತಿದ್ದರು. ಇವರು ಎಲ್ಲರನ್ನೂ ನೆಲದ ಮೇಲೆ ಕೂರಿಸಿಕೊಂಡು ಇರೋದನ್ನು ಇದ್ದ ಹಾಗೆ ಹೇಳಿದರು. ಪ್ರೊಫೆಷನಲ್‌ನಲ್ಲಿ ಹೆಡ್‌ಗಾರ್ಡ್ ಇಲ್ಲ. ಗಂಡಸರ ಟೈಟಲ್ ಫೈಟು ಮೂರು ನಿಮಿಷದ 12 ರೌಂಡು, ಹೆಂಗಸರದ್ದು ಸಾಮಾನ್ಯವಾಗಿ ಎರಡು ನಿಮಿಷದ 10 ರೌಂಡು. ಕಡಿಮೆ ಹೊತ್ತು ಆಡುತ್ತೀರಿ ಅಂತ ನೆಪ ಹೇಳಿ ದುಡ್ಡೂ ಕಡಿಮೆ ಕೊಡುತ್ತಾರೆ. ಸೆರಾನೊ 2023ರಲ್ಲಿ ಹಟ ಹಿಡಿದು ಮೂರು ನಿಮಿಷದ 12 ರೌಂಡು ಆಡಿ ಗೆದ್ದರು, ಅದಕ್ಕೆ ಒಪ್ಪದ ಡಬ್ಲ್ಯುಬಿಸಿ ಅನ್ನೋ ಬಾಕ್ಸಿಂಗ್ ಸಂಸ್ಥೆಯ ಚಾಂಪಿಯನ್ ಬೆಲ್ಟನ್ನೇ ಬಿಟ್ಟುಕೊಟ್ಟರು. ಕೈಗೆ ಬರೋ ದುಡ್ಡಿನಲ್ಲಿ ಟ್ರೈನರ್‌ಗೆ, ಮ್ಯಾನೇಜರ್‌ಗೆ ಪಾಲು ಹೋಗಬೇಕು. ಗಾಯ ಆದರೆ ಆದಾಯ ಇಲ್ಲ. ನಮ್ಮ ದೇಶದಲ್ಲಂತೂ ಹೆಂಗಸರ ಪ್ರೊಫೆಷನಲ್ ಫೈಟುಗಳೇ ಅಪರೂಪ. ಮಾಜಿ ವಿಶ್ವ ಚಾಂಪಿಯನ್ ಸರಿತಾ ದೇವಿ 2017ರಲ್ಲಿ ಇಂಫಾಲ್‌ನಲ್ಲಿ ಪ್ರೊಫೆಷನಲ್ ಆಗಿ ಆಡಿದರು, ಮತ್ತೆ ಅಮೆಚೂರ್‌ಗೇ, ಅಂದರೆ ನ್ಯಾಷನಲ್ಸ್, ಒಲಿಂಪಿಕ್ಸ್ ಥರದ ಆಟಕ್ಕೇ, ವಾಪಸ್ ಬಂದರು.

ಹಾಗಂತ ಹುಡುಗಿಯರ ಆಸೆ ಮುರಿಯಲಿಲ್ಲ. ಮೊದಲು ಜಿಲ್ಲೆ, ರಾಜ್ಯ, ಆಮೇಲೆ ನ್ಯಾಷನಲ್ಸ್. ಅಲ್ಲಿ ಮೆಡಲ್ ಬಂದರೆ ಸ್ಪೋರ್ಟ್ಸ್ ಕೋಟಾದಲ್ಲಿ ರೈಲ್ವೆ, ಪೊಲೀಸ್ ಕೆಲಸದ ದಾರಿ ಇದೆ. ಬಾಕ್ಸರ್ ಲವ್ಲಿನಾ ಅಸ್ಸಾಂ ಪೊಲೀಸ್‌ನಲ್ಲಿ, ನಿಖತ್ ತೆಲಂಗಾಣ ಪೊಲೀಸ್‌ನಲ್ಲಿ ಡಿಎಸ್ಪಿ ಆದರು. ಸಂಬಳ ಅಂತ ಒಂದು ಇದ್ದರೆ ಆಮೇಲೆ ಏನು ಬೇಕಾದರೂ ಯೋಚನೆ ಮಾಡಬಹುದು. ಡಿಗ್ರಿ ಮಾತ್ರ ಬಿಡಬೇಡಿ ಅಂತ ಖಡಾಖಂಡಿತವಾಗಿ ಹೇಳಿದರು. ಫೀಸು ತಗೊಳ್ಳೋರು ಇಷ್ಟು ನೇರವಾಗಿ ಮಾತಾಡಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಟ್ಯೂಷನ್ ಸೆಂಟರ್‌ಗಳನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಇನ್ನು ಆ ಒಂದು ಸ್ಟಾರು. ಬಟ್ಟೆ ಬದಲಾಯಿಸೋಕೆ ಹುಡುಗಿಯರಿಗೆ ಬೇರೆ ಕೋಣೆ ಇಲ್ಲ. ಸಾಮಾನು ಇಡೋ ಮೂಲೆಗೆ ಒಂದು ಪರದೆ ಕಟ್ಟಿದ್ದಾರೆ, ಅಷ್ಟೇ. ಚಿಲಕ ಇಲ್ಲ. ಬೆವರಿನಲ್ಲಿ ಒದ್ದೆಯಾದ ಟೀಶರ್ಟಿನ ಮೇಲೇ ಜಾಕೆಟ್ ಹಾಕಿಕೊಂಡು ಮಕ್ಕಳು ಬಸ್ ಹತ್ತುತ್ತಾರೆ. ಟಾಯ್ಲೆಟ್ ಒಂದೇ, ಹುಡುಗರ ಬ್ಯಾಚ್ ಶುರುವಾದರೆ ಅದಕ್ಕೂ ಕ್ಯೂ. ಹೊಸ ಬ್ಯಾಗ್‌ಗೆ ದುಡ್ಡಿದೆ ಅಂದ ಮೇಲೆ ಒಂದು ಬಾಗಿಲಿಗೂ ಇರಬೇಕು. ಇದನ್ನು ಕೋಚ್‌ಗೆ ನೇರವಾಗಿಯೇ ಹೇಳಿದ್ದೇನೆ, ಇಲ್ಲೂ ಬರೆಯುತ್ತಿದ್ದೇನೆ.

ಎರಡನೆಯದು ಆ ಸೀನಿಯರ್ ಅಕ್ಕನ ವಿಷಯ. ಡಿಗ್ರಿ ಓದುತ್ತಿರೋ ಹುಡುಗಿ. ಹೊಸಬರಿಗೆಲ್ಲಾ ಪ್ಯಾಡ್ ಹಿಡಿಯೋಳು ಅವಳೇ, ಅಳೋರನ್ನು ಸಮಾಧಾನ ಮಾಡೋಳೂ ಅವಳೇ. ಅವಳಿಗೆ ಫೀಸು ಇಲ್ಲ ಅನ್ನೋದು ಬಿಟ್ಟರೆ ಕೈಗೆ ಒಂದು ರೂಪಾಯಿ ಸಿಗುವುದಿಲ್ಲ. ಹೆಣ್ಣುಮಕ್ಕಳಿಗೆ ಬಾಕ್ಸಿಂಗ್‌ನಲ್ಲಿ ದುಡ್ಡು ಕಡಿಮೆ ಅಂತ ಅಷ್ಟು ಚೆನ್ನಾಗಿ ವಿವರಿಸಿದ ಜಾಗದಲ್ಲೇ ಇದು ನಡೆಯಬಾರದು. ಅವಳಿಗೆ ತಿಂಗಳಿಗೆ ಇಷ್ಟು ಅಂತ ಕೊಟ್ಟು ಅಸಿಸ್ಟೆಂಟ್ ಕೋಚ್ ಮಾಡಿಕೊಳ್ಳಲಿ. ಅದಕ್ಕಾಗಿ ಫೀಸು ನೂರು ರೂಪಾಯಿ ಜಾಸ್ತಿ ಮಾಡಿದರೆ ನಾನು ಕೊಡಲು ತಯಾರು. ಬೇರೆ ಅಮ್ಮಂದಿರೂ ಇದೇ ಮಾತು ಹೇಳಿದ್ದಾರೆ.

ಕ್ಯಾತ್ಸಂದ್ರ, ಬಟವಾಡಿ ಕಡೆಯಿಂದ ಬರೋರಿಗೆ ಬಸ್ಸಿನ ತೊಂದರೆ ಇಲ್ಲ. ಹಳ್ಳಿ ಕಡೆಯವರು ಮಾತ್ರ ಏಳು ಗಂಟೆ ಮೇಲಿನ ಬಸ್ ಟೈಮ್ ನೋಡಿಕೊಂಡು ಸೇರಿಸಿ. ಅಂಥವರನ್ನು ಕೇಳಿಕೊಂಡರೆ ಆರೂಮುಕ್ಕಾಲಿಗೇ ಬಿಡುತ್ತಾರೆ. ಸೇರಿಸೋ ಮೊದಲು ಒಂದು ಸಂಜೆ ಹೋಗಿ ಕೂತು ನೋಡಿ, ಅದಕ್ಕೆ ದುಡ್ಡು ಕೇಳುವುದಿಲ್ಲ. ಹೋದಾಗ ಆ ಬಾಗಿಲಿನ ವಿಷಯ ನೀವೂ ಒಂದು ಮಾತು ಕೇಳಿ.