ಗೋಡಾಟ್ 4: ಎಂಜಿನ್ ಚಲೋ ಐತಿ, ಹಳೆ ಪಾಠಗಳದ್ದೇ ಫಜೀತಿ

ಒಂದೇ ಮಾತಿನಲ್ಲಿ ತೀರ್ಪು ಬೇಕಿದ್ದವರಿಗೆ ಮೊದಲೇ ಹೇಳಿಬಿಡುತ್ತೇನೆ. ಕಂಪ್ಯೂಟರ್, ಮೊಬೈಲ್ ಆಟ ಕಟ್ಟುವ ಆಸೆ ಇದ್ದರೆ ಗೋಡಾಟ್ ಎಂಬ ಗೇಮ್ ಎಂಜಿನ್ (ಆಟ ಕಟ್ಟುವ ತಂತ್ರಾಂಶ) ಅನ್ನು ಕಣ್ಣು ಮುಚ್ಚಿ ಹಾಕಿಕೊಳ್ಳಿ, ಆದರೆ ಅದರ ಬಗ್ಗೆ ನೆಟ್‌ನಲ್ಲಿ ಸಿಗುವ ಪಾಠಗಳನ್ನು ಕಣ್ಣು ಮುಚ್ಚಿ ನಂಬಬೇಡಿ. ಕಲಿಯಲು ಕೂತ ಹುಡುಗರು ಅರ್ಧಕ್ಕೇ ಬಿಟ್ಟು ಎದ್ದಿದ್ದನ್ನು ನೋಡಿದ್ದೇನೆ. ಅವರಲ್ಲಿ ಬಹಳಷ್ಟು ಮಂದಿಗೆ ಎಂಜಿನ್ ಕಷ್ಟವಾಗಿರಲಿಲ್ಲ, ಕೈಯಲ್ಲಿ ಹಿಡಿದಿದ್ದ ಪಾಠ ಹಳತಾಗಿತ್ತು. ಈ ವಿಮರ್ಶೆ ಬರೆಯಲು ಅದೇ ಕಾರಣ.

ಗಂಗಾವತಿಯಲ್ಲಿ ನನ್ನದೊಂದು ಕಂಪ್ಯೂಟರ್ ತರಬೇತಿ ಕೇಂದ್ರವಿದೆ. ಹಗಲೆಲ್ಲ ಟ್ಯಾಲಿ, ಎಕ್ಸೆಲ್, ಕನ್ನಡ ಟೈಪಿಂಗ್. ಸಂಜೆ ಬ್ಯಾಚ್ ಬಿಟ್ಟ ಮೇಲೆ ಗೋಡಾಟ್. 3ನೇ ಆವೃತ್ತಿಯಲ್ಲಿ ಕೈ ಹಾಕಿ, 4.0 ಬಂದ 2023ರಿಂದ ಇದರಲ್ಲೇ ಇದ್ದೇನೆ. ಆನೆಗುಂದಿಯ ಹೊಳೆಯಲ್ಲಿ ಬಂಡೆ, ಸುಳಿ ತಪ್ಪಿಸಿ ಹರಿಗೋಲು ನಡೆಸುವ ಒಂದು ಆಟ ಕಟ್ಟುತ್ತಿದ್ದೇನೆ. ಮೊದಲ ಹಂತದಲ್ಲಿ ಬೇಸಿಗೆಯ ಶಾಂತ ನೀರು. ಮುಂದಿನ ಹಂತಗಳಲ್ಲಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳು ಒಂದೊಂದಾಗಿ ತೆರೆದಂತೆ ಸೆಳೆತ ಏರುತ್ತದೆ. ಜೊತೆಗೆ ಕಾಲೇಜು ಹುಡುಗ ಹುಡುಗಿಯರ ಒಂದು ಸಣ್ಣ ಗುಂಪಿಗೆ ಕಲಿಸುತ್ತೇನೆ.

ಒಳ್ಳೆಯದನ್ನು ಮೊದಲು ಹೇಳುತ್ತೇನೆ. ಗೋಡಾಟ್‌ಗೆ ಕಾಸು ಕೊಡಬೇಕಿಲ್ಲ. ಅರ್ಜೆಂಟೀನಾದ ಹುವಾನ್ ಲಿನಿಯೆಟ್ಸ್ಕಿ ಮತ್ತು ಏರಿಯಲ್ ಮನ್ಸೂರ್ ಕಟ್ಟಿದ ಈ ಎಂಜಿನ್ 2014ರಿಂದ ಎಂಐಟಿ ಎಂಬ ಮುಕ್ತ ಪರವಾನಗಿಯಡಿ ಎಲ್ಲರಿಗೂ ತೆರೆದಿದೆ. ನಾಳೆ ನಿಮ್ಮ ಆಟ ಲಕ್ಷಗಟ್ಟಲೆ ಗಳಿಸಿದರೂ ಎಂಜಿನ್ ಕಟ್ಟಿದವರಿಗೆ ಪಾಲು ಕೊಡಬೇಕಿಲ್ಲ. ಇನ್‌ಸ್ಟಾಲ್ ಮಾಡುವ ಗೊಡವೆಯೂ ಇಲ್ಲ: ಜಿಪ್ ಇಳಿಸಿ, ಬಿಚ್ಚಿ, ಒಳಗಿನ ಫೈಲ್ ಒತ್ತಿದರೆ ಆಯಿತು. ಪೆನ್‌ಡ್ರೈವಿನಲ್ಲಿ ಹಾಕಿಕೊಟ್ಟರೆ ಹುಡುಗರು ಮನೆಗೆ ಒಯ್ಯುತ್ತಾರೆ. ಹಳೆಯ ಲ್ಯಾಪ್‌ಟಾಪ್ ಇದ್ದವರು ಹೊಸ ಪ್ರಾಜೆಕ್ಟ್ ತೆರೆಯುವಾಗ ರೆಂಡರರ್ (ತೆರೆಯ ಮೇಲೆ ಚಿತ್ರ ಮೂಡಿಸುವ ಭಾಗ) ಜಾಗದಲ್ಲಿ ‘ಕಂಪ್ಯಾಟಿಬಿಲಿಟಿ’ ಆರಿಸಿಕೊಳ್ಳಿ. ಉಳಿದೆರಡಕ್ಕೆ ವಲ್ಕನ್‌ನಂಥ ಹೊಸ ಗ್ರಾಫಿಕ್ಸ್ ವ್ಯವಸ್ಥೆ ಬೇಕು, ಇದು ಹಳೆಯ ಓಪನ್‌ಜಿಎಲ್ ಮೇಲೇ ಓಡುತ್ತದೆ. ನಮ್ಮ ಕೇಂದ್ರದ ಹಳೆಯ ಸಿಸ್ಟಮ್‌ಗಳಲ್ಲಿ 2ಡಿ ಆಟಕ್ಕೆ ಇದರಿಂದ ಯಾವ ತೊಂದರೆಯೂ ಆಗಿಲ್ಲ.

ಇನ್ನು ಪಾಠಗಳ ವಿಷಯ. ಗೋಡಾಟ್ 3.0 ಬಂದಿದ್ದು 2018ರ ಜನವರಿಯಲ್ಲಿ, 4.0 ಬಂದಿದ್ದು 2023ರ ಮಾರ್ಚ್ 1ರಂದು. ನಡುವಿನ ಐದು ವರ್ಷ ಜಗತ್ತಿನ ತುಂಬ ಜನ ಪ್ರೀತಿಯಿಂದ ವಿಡಿಯೋ ಮಾಡಿದರು, ಲೇಖನ ಬರೆದರು, ಪ್ರಶ್ನೆಗಳಿಗೆ ಉತ್ತರ ಕೊಟ್ಟರು. ಅದೆಲ್ಲ 3ಕ್ಕೆ ಸೇರಿದ್ದು. 4ರಲ್ಲಿ ಹೆಸರುಗಳು ಬದಲಾದವು, ಬರೆಯುವ ರೀತಿಯೂ ಬದಲಾಯಿತು. ಹೀಗೆ ಬದಲಾಗಿ ಆರು ತಿಂಗಳಿಗೆ, 2023ರ ಸೆಪ್ಟೆಂಬರ್ 12ರಂದು, ಯೂನಿಟಿ ಎಂಬ ಇನ್ನೊಂದು ಗೇಮ್ ಎಂಜಿನ್‌ನ ಕಂಪನಿ ಆಟ ಇನ್‌ಸ್ಟಾಲ್ ಆದ ಲೆಕ್ಕದಲ್ಲಿ ಶುಲ್ಕ ಹಾಕುವುದಾಗಿ ಪ್ರಕಟಿಸಿತು. ಒಂದು ವರ್ಷದ ನಂತರ ಅದನ್ನು ಕೈಬಿಟ್ಟಿತು, ಆದರೆ ಅಷ್ಟರಲ್ಲಿ ಬಹಳ ಜನ ಗೋಡಾಟ್ ಕಡೆ ಹೊರಳಿದ್ದರು. ಹೊಸಬರು ಬಂದದ್ದು 4ಕ್ಕೆ, ಹುಡುಕಿದಾಗ ಮೇಲೆ ಬರುತ್ತಿದ್ದದ್ದು 3ರ ಪಾಠ. ಅತಿ ಹೆಚ್ಚು ಜನ ನೋಡಿದ ವಿಡಿಯೋಗಳು ಹಳೆಯವೇ ಆಗಿರುವುದರಿಂದ ಈಗಲೂ ಅವೇ ಮೊದಲು ಸಿಗುತ್ತವೆ.

ಒಂದು ಉದಾಹರಣೆ ಬಿಡಿಸಿ ತೋರಿಸುತ್ತೇನೆ, ಯಾಕೆಂದರೆ ಕಲಿಯುವವರು ಎಲ್ಲಕ್ಕಿಂತ ಮೊದಲು ಎಡವುವುದು ಇಲ್ಲಿಯೇ. ನನ್ನ ಹರಿಗೋಲು ಚಲಿಸಬೇಕು, ಬಂಡೆಗೆ ತಾಗಿದರೆ ಸವರಿಕೊಂಡು ಪಕ್ಕಕ್ಕೆ ಜಾರಬೇಕು. 3ರಲ್ಲಿ ಇದಕ್ಕೆ ‘ಕೈನೆಮ್ಯಾಟಿಕ್‌ಬಾಡಿ2ಡಿ’ ಎಂಬ ನೋಡ್ ಇತ್ತು (ಆಟ ಜೋಡಿಸುವ ಒಂದೊಂದು ಬಿಡಿಭಾಗಕ್ಕೂ ಗೋಡಾಟ್‌ನಲ್ಲಿ ನೋಡ್ ಎನ್ನುತ್ತಾರೆ). ನಾವೇ ವೇಗವನ್ನು ಹಿಡಿದಿಡುವ ‘ವೆಲಾಸಿಟಿ’ ಎಂಬ ವೇರಿಯಬಲ್ ಮಾಡಿಕೊಂಡು, ಅದನ್ನು ‘ಮೂವ್ ಅಂಡ್ ಸ್ಲೈಡ್’ ಫಂಕ್ಷನ್‌ನ ಆವರಣದೊಳಗೆ ಕೊಡಬೇಕಿತ್ತು, ಅದು ತಿದ್ದಿದ ವೇಗವನ್ನು ವಾಪಸ್ ಕೊಡುತ್ತಿತ್ತು. 4ರಲ್ಲಿ ನೋಡ್‌ನ ಹೆಸರು ‘ಕ್ಯಾರೆಕ್ಟರ್‌ಬಾಡಿ2ಡಿ’. ವೆಲಾಸಿಟಿ ಅದರೊಳಗೇ ಹುಟ್ಟಿನಿಂದ ಇದೆ. ಫಂಕ್ಷನ್‌ಗೆ ಆವರಣದಲ್ಲಿ ಏನನ್ನೂ ಕೊಡುವಂತಿಲ್ಲ, ಅದು ವಾಪಸ್ ಕೊಡುವುದು ಡಿಕ್ಕಿ ಆಯಿತೋ ಇಲ್ಲವೋ ಎಂಬುದನ್ನು ಮಾತ್ರ. ಹಳೆ ಪಾಠ ನೋಡಿ ಮೊದಲ ಸಾಲು ಬರೆದ ಕೂಡಲೇ ‘ವೆಲಾಸಿಟಿ ಈಗಾಗಲೇ ಇದೆ’ ಎಂಬ ಎರರ್. ಆ ಸಾಲು ಅಳಿಸಿದರೆ ‘ಆವರಣದಲ್ಲಿ ಹೆಚ್ಚಾಯಿತು’ ಎಂಬ ಎರರ್. ಅದನ್ನೂ ತೆಗೆದರೆ, ಹೌದು ಇಲ್ಲ ಎನ್ನುವ ಉತ್ತರವನ್ನು ವೇಗದ ಜಾಗದಲ್ಲಿ ಇಡಲಾಗದು ಎಂದು ಇನ್ನೊಂದು. ಒಂದೇ ಬದಲಾವಣೆ, ಮೂರು ಕೆಂಪು ಗೆರೆ. ಕಾರಣ ಗೊತ್ತಿಲ್ಲದ ಹುಡುಗ ತನಗೇ ತಲೆ ಇಲ್ಲ ಅಂದುಕೊಳ್ಳುತ್ತಾನೆ. ಅದು ನನಗೆ ಸಂಕಟದ ವಿಷಯ.

ಇದೇ ನೋಡ್‌ನಲ್ಲಿ ‘ಮೋಷನ್ ಮೋಡ್’ ಎಂಬ ಹೊಸ ಆಯ್ಕೆಯೂ ಇದೆ. ನೆಲದ ಮೇಲೆ ನಡೆಯುವ ಪಾತ್ರಕ್ಕೆ ‘ಗ್ರೌಂಡೆಡ್’, ಮೇಲಿನಿಂದ ನೋಡುವ ಆಟಕ್ಕೆ ‘ಫ್ಲೋಟಿಂಗ್’. ಹರಿಗೋಲಿಗೆ ಹಿಂದು ಮುಂದು ಎಂಬುದೇ ಇಲ್ಲ, ನೆಲ ಗೋಡೆ ಎಂಬ ಭೇದವೂ ಬೇಕಿಲ್ಲ. ಫ್ಲೋಟಿಂಗ್ ಆರಿಸಿದೊಡನೆ ನಾಲ್ಕೂ ದಿಕ್ಕಿನ ಬಂಡೆಗಳಿಗೆ ಒಂದೇ ರೀತಿ ಸವರತೊಡಗಿತು. 3ರ ಯಾವ ಪಾಠದಲ್ಲೂ ಇದು ಸಿಗುವುದಿಲ್ಲ, ಆಗ ಆ ಆಯ್ಕೆಯೇ ಇರಲಿಲ್ಲ.

ಮೊನ್ನೆ ಕಾರಟಗಿಯಿಂದ ಬರುವ ಹುಡುಗನೊಬ್ಬ ಪರದಾಡುತ್ತಿದ್ದ. “ಸರ್, ಟ್ವೀನ್ ನೋಡ್ ಎಲ್ಲಿ ಹುಡುಕಿದ್ರೂ ಸಿಗವಲ್ದ್ರಿ. ನನ್ನ ಗೋಡಾಟ್ ಸರಿಯಾಗಿ ಇಳಿದಿಲ್ಲೇನು?”

“ಇಳಿದದ ತಮ್ಮಾ. ಆ ವಿಡಿಯೋ ಯಾವಾಗಿಂದು ನೋಡು.”

2019ರದ್ದು. ವಸ್ತುವನ್ನು ಮೆಲ್ಲನೆ ಸರಿಸಲು, ಬಣ್ಣ ಬದಲಿಸಲು ಬಳಸುವ ಟ್ವೀನ್ ಎಂಬ ನೋಡ್ 4ರಲ್ಲಿ ಪಟ್ಟಿಯಲ್ಲೇ ಇಲ್ಲ. ಕೋಡ್‌ನಲ್ಲಿ ‘ಕ್ರಿಯೇಟ್ ಟ್ವೀನ್’ ಎಂದು ಕರೆದರೆ ಅಲ್ಲೇ ಹುಟ್ಟುತ್ತದೆ, ಕೆಲಸ ಮುಗಿದ ಮೇಲೆ ತಾನೇ ಹೋಗುತ್ತದೆ. ಬಳಸಿದವರಿಗೆ ಗೊತ್ತು, ಹೊಸದೇ ಸಲೀಸು. ಹೀಗೆ ‘ಯೀಲ್ಡ್’ ಹೋಗಿ ‘ಅವೇಯ್ಟ್’ ಬಂತು, ‘ಇನ್‌ಸ್ಟನ್ಸ್’ ಹೋಗಿ ‘ಇನ್‌ಸ್ಟಾನ್ಶಿಯೇಟ್’ ಬಂತು, ‘ಸ್ಪೇಷಿಯಲ್’ ಹೋಗಿ ‘ನೋಡ್3ಡಿ’ ಬಂತು, ‘ಎಕ್ಸ್‌ಪೋರ್ಟ್’, ‘ಆನ್‌ರೆಡಿ’ ಪದಗಳ ಶುರುವಿಗೆ ಅಟ್ ಚಿಹ್ನೆ (@) ಸೇರಿತು. ಬದಲಾವಣೆಗಳಿಗೆ ಅರ್ಥವಿದೆ, ನನ್ನ ತಕರಾರು ಅದರ ಬಗ್ಗೆ ಅಲ್ಲ. ಹಳೆಯ ವಿಡಿಯೋದ ಶೀರ್ಷಿಕೆಯಲ್ಲಿ ‘ಇದು 3ಕ್ಕೆ’ ಎಂದು ಒಂದು ಸಾಲು ಸೇರಿಸಲೂ ಬಹಳ ಜನ ಮನಸ್ಸು ಮಾಡಿಲ್ಲ. ದುಡ್ಡು ತೆಗೆದುಕೊಳ್ಳುವ ಕೋರ್ಸುಗಳಲ್ಲೂ ಇದನ್ನು ಕಂಡಿದ್ದೇನೆ. ಅದು ಸರಿಯಲ್ಲ.

‘4’ ಎಂದು ಬರೆದಿದ್ದರೆ ಸಾಕೇ? ಸಾಲದು. ಚುಕ್ಕೆಯ ನಂತರದ ಅಂಕಿಯನ್ನೂ ನೋಡಬೇಕು. ಚೌಕಗಳನ್ನು ಜೋಡಿಸಿ ನಕ್ಷೆ ಕಟ್ಟುವ ‘ಟೈಲ್‌ಮ್ಯಾಪ್’ 4.2ರವರೆಗೆ ಒಂದೇ ನೋಡ್, ಅದರೊಳಗೆ ಹಲವು ಪದರ. 2024ರ ಆಗಸ್ಟಿನಲ್ಲಿ ಬಂದ 4.3ರಲ್ಲಿ ಪದರಕ್ಕೊಂದು ‘ಟೈಲ್‌ಮ್ಯಾಪ್‌ಲೇಯರ್’ ನೋಡ್ ಆಯಿತು, ಹಳೆಯದನ್ನು ‘ಇನ್ನು ಬಳಸಬೇಡಿ’ ಎಂದು ಗುರುತಿಸಿದರು. ನನ್ನ ಹೊಳೆಯ ನಕ್ಷೆಯಲ್ಲಿ ನೀರು, ಬಂಡೆ, ದಡದ ಬಾಳೆ ತೋಟ, ಮೇಲಿನ ನೆರಳು ಎಲ್ಲ ಬೇರೆ ಬೇರೆ ಪದರ. ಹಳೆಯ ನೋಡ್ ಆರಿಸಿಕೊಂಡಾಗ ಕೆಳಗೆ ತೆರೆಯುವ ಟೈಲ್‌ಮ್ಯಾಪ್ ಪ್ಯಾನೆಲ್‌ನಲ್ಲಿ ಪದರಗಳನ್ನು ಬಿಡಿಸಿ ಬೇರೆ ಬೇರೆ ನೋಡ್ ಮಾಡಿಕೊಡುವ ಆಯ್ಕೆ ಇದೆ, ಅದನ್ನು ಒತ್ತಿದರೆ ಕೈಯಿಂದ ಮತ್ತೆ ಬಿಡಿಸುವ ಕೆಲಸ ತಪ್ಪುತ್ತದೆ.

ಚಾಟ್‌ಬಾಟ್‌ಗಳನ್ನು ಕೇಳಿ ಕಲಿಯುವವರು ಈಗ ಹೆಚ್ಚು. ಅವೂ ಹಳೆಯ ಬರಹಗಳನ್ನೇ ಓದಿಕೊಂಡು ಬೆಳೆದವು, ಹಾಗಾಗಿ 3 ಮತ್ತು 4ನ್ನು ಒಂದೇ ಉತ್ತರದಲ್ಲಿ ಕಲಸಿ ಕೊಡುತ್ತವೆ. ಆವೃತ್ತಿಯ ಅಂಕಿ ಹೇಳಿ ಕೇಳಿದರೆ ಸ್ವಲ್ಪ ಸುಧಾರಿಸುತ್ತದೆ. ಆದರೂ ಪ್ರತಿ ಫಂಕ್ಷನ್ ಹೆಸರನ್ನು ನೀವೇ ಪರೀಕ್ಷಿಸಬೇಕು.

ಪರೀಕ್ಷಿಸುವ ಜಾಗ ಯಾವುದು ಅಂದರೆ, ಅದು ನಿಮ್ಮ ಎಂಜಿನ್ ಒಳಗೇ ಇದೆ. ಎಫ್1 ಒತ್ತಿ. ಹುಡುಕುವ ಕಿಟಕಿ ತೆರೆಯುತ್ತದೆ, ಯಾವುದೇ ನೋಡ್ ಅಥವಾ ಫಂಕ್ಷನ್ ಹೆಸರು ಹಾಕಿದರೆ ಅದರ ಪೂರ್ತಿ ವಿವರಣೆ ಸಿಗುತ್ತದೆ. ಕೋಡ್‌ನಲ್ಲಿರುವ ಹೆಸರಿನ ಮೇಲೆ ಕಂಟ್ರೋಲ್ ಹಿಡಿದು ಕ್ಲಿಕ್ಕಿಸಿದರೂ ಅಲ್ಲಿಗೇ ಹೋಗುತ್ತದೆ. ಈ ಕೈಪಿಡಿ ಎಂಜಿನ್ ಜೊತೆಗೇ ಕಟ್ಟಿ ಬಂದದ್ದು. ನೀವು ಹಾಕಿಕೊಂಡ ಆವೃತ್ತಿ ಯಾವುದೋ ಇದೂ ಅದೇ ಆವೃತ್ತಿಯದು, ಹಾಗಾಗಿ ಬೇರೆ ಆವೃತ್ತಿಯ ಮಾತು ಇದರಲ್ಲಿ ಬರುವ ಪ್ರಶ್ನೆಯೇ ಇಲ್ಲ. ಇಂಟರ್ನೆಟ್ ಬೇಡ. ಕರೆಂಟ್ ಹೋಗಿ ರೌಟರ್ ಆರಿದಾಗಲೂ ಲ್ಯಾಪ್‌ಟಾಪ್ ಬ್ಯಾಟರಿ ಇರುವಷ್ಟು ಹೊತ್ತು ಓದಬಹುದು. ಇಷ್ಟು ಒಳ್ಳೆಯ ಪುಸ್ತಕ ಅಂಗೈಯಲ್ಲಿ ಇಟ್ಟುಕೊಂಡು ನಮ್ಮ ಹುಡುಗರು ಅದನ್ನು ತೆರೆಯದೇ ವಿಡಿಯೋ ಹುಡುಕುತ್ತಾರೆ. ನನ್ನ ಬ್ಯಾಚ್‌ನಲ್ಲಿ ಮೊದಲ ಪಾಠವೇ ಈಗ ಎಫ್1.

ಆದರೆ ಅದು ಪ್ರತಿ ವಸ್ತು ಏನು ಅಂತ ಹೇಳುತ್ತದೆ, ಎಲ್ಲವನ್ನೂ ಸೇರಿಸಿ ಆಟ ಕಟ್ಟುವುದು ಹೇಗೆ ಅಂತ ಹೇಳುವುದಿಲ್ಲ. ಅದಕ್ಕೆ ಅಧಿಕೃತ ಆನ್‌ಲೈನ್ ಕೈಪಿಡಿಯಲ್ಲಿ ‘ನಿಮ್ಮ ಮೊದಲ 2ಡಿ ಆಟ’ ಎಂಬ ಪಾಠವಿದೆ, ಮೊದಲು ಅದನ್ನೇ ಮುಗಿಸಿ. ಅಲ್ಲಿಯೂ ಒಂದು ಎಚ್ಚರ ಬೇಕು: ಹುಡುಕಾಟದಿಂದ ನೇರ ಹೋದರೆ ಹಳೆಯ ಆವೃತ್ತಿಯ ಪುಟಕ್ಕೆ ಇಳಿಸಿಬಿಡಬಹುದು. ವಿಳಾಸದಲ್ಲಿ ‘ಸ್ಟೇಬಲ್’ ಎಂದೋ ನಿಮ್ಮ ಆವೃತ್ತಿಯ ಅಂಕಿಯೋ ಇದೆಯೇ ನೋಡಿಕೊಳ್ಳಿ. 3ರಿಂದ 4ಕ್ಕೆ ಏನೇನು ಬದಲಾಯಿತು ಎಂಬ ಉದ್ದನೆಯ ಪುಟವೂ ಅಲ್ಲೇ ಇದೆ. ನಾನು ಅದನ್ನು ಮುದ್ರಿಸಿ ಕೇಂದ್ರದ ಗೋಡೆಗೆ ಅಂಟಿಸಿದ್ದೇನೆ. ಅದು ಗೋಡೆಯ ಮೇಲೆ ಇದ್ದರೆ ಹಳೆಯ ವಿಡಿಯೋ ಕೂಡ ಕೆಲಸಕ್ಕೆ ಬರುತ್ತದೆ: ಐಡಿಯಾ ವಿಡಿಯೋದಿಂದ, ಹೆಸರು ಗೋಡೆಯಿಂದ. ಕೈಪಿಡಿ ಕನ್ನಡದಲ್ಲಿಲ್ಲ ಎಂಬುದು ನಿಜವಾದ ಕೊರತೆ. ಇಂಗ್ಲಿಷ್ ಓದಲು ಹಿಂಜರಿಯುವ ಮಕ್ಕಳಿಗೆ ನಾನೇ ಪಕ್ಕದಲ್ಲಿ ಕೂತು ಬಿಡಿಸಿ ಹೇಳಬೇಕಾಗುತ್ತದೆ.

‘ಪಾಠ ಹೆಚ್ಚಿರುವ 3ರಲ್ಲೇ ಕಲಿತರೆ ಆಗಲ್ವಾ?’ ಎಂದು ಬಹಳ ಜನ ಕೇಳುತ್ತಾರೆ. 3.6 ಎಂಬ ಆವೃತ್ತಿ 2024ರಲ್ಲೂ ಬಂತು, ಅದೇನೂ ಸತ್ತಿಲ್ಲ. ಆದರೂ ಕನ್ನಡದಲ್ಲಿ ಆಟ ಕಟ್ಟುವವರು ಅತ್ತ ಹೋಗಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. 3ರಲ್ಲಿ ನಮ್ಮ ಲಿಪಿಯ ಒತ್ತಕ್ಷರ, ಗುಣಿತ ಕೂಡುವುದಿಲ್ಲ. ‘ಕೊಪ್ಪಳ’ ಎಂದು ಬರೆದರೆ ಪಕಾರದ ಕೆಳಗೆ ಒತ್ತು ಬೀಳದೆ ‘ಕೊಪ್‌ಪಳ’ ಎಂದು ಬಿಡಿಬಿಡಿಯಾಗಿ ನಿಲ್ಲುತ್ತದೆ. ಆಗ ನಾನು ಪ್ರತಿ ಮಾತನ್ನೂ ಚಿತ್ರವಾಗಿ ಮಾಡಿ ಅಂಟಿಸುತ್ತಿದ್ದೆ. 4ರಲ್ಲಿ ಅಕ್ಷರ ಜೋಡಿಸುವ ಭಾಗವನ್ನು ಹೊಸದಾಗಿ ಕಟ್ಟಿ, ಹಾರ್ಫ್‌ಬಜ್ ಎಂಬ ತಂತ್ರಾಂಶವನ್ನು ಒಳಗೆ ತಂದರು. ಅಂದಿನಿಂದ ‘ಸ್ತ್ರೀ’, ‘ಅಂಜನಾದ್ರಿ’, ‘ನವವೃಂದಾವನ’ ಎಲ್ಲ ಮುದ್ರಿಸಿದ ಪುಸ್ತಕದಲ್ಲಿ ಇದ್ದಂತೆ ಕಾಣುತ್ತವೆ. ಅದನ್ನು ಮೊದಲ ಸಲ ತೆರೆಯ ಮೇಲೆ ಕಂಡಾಗ ಆದ ಸಂತೋಷ ಸಣ್ಣದಲ್ಲ.

ಇದರಲ್ಲಿ ಎರಡು ಸೂಕ್ಷ್ಮಗಳಿವೆ. ಒಂದು, ನೋಟೋ ಸಾನ್ಸ್ ಕನ್ನಡದಂಥ ಮುಕ್ತ ಫಾಂಟನ್ನು ಪ್ರಾಜೆಕ್ಟ್ ಒಳಗೇ ಇಡಿ. ನಿಮ್ಮ ಕಂಪ್ಯೂಟರಿನಲ್ಲಿ ಸಿಸ್ಟಮ್ ಫಾಂಟ್ ಸಹಾಯಕ್ಕೆ ಬಂದು ಎಲ್ಲ ಚೆನ್ನಾಗಿ ಕಾಣುತ್ತದೆ, ಬ್ರೌಸರ್‌ನಲ್ಲಿ ಆಡುವಂತೆ ಕಳಿಸಿದಾಗ ಆ ಸಹಾಯ ಇರುವುದಿಲ್ಲ, ಬರೀ ಚೌಕ ಕಾಣುತ್ತವೆ. ಎರಡು, ಮಾತು ಒಂದೊಂದೇ ಅಕ್ಷರವಾಗಿ ಮೂಡುವ ಪರಿಣಾಮ. ನನ್ನ ಆಟದಲ್ಲಿ ಅಂಬಿಗಜ್ಜ ಹಾಗೆ ಮಾತಾಡುತ್ತಾನೆ. ಸುಮ್ಮನೆ ಬಿಟ್ಟರೆ ‘ಸ್ತ್ರ’ ಮೂಡುವಾಗ ಮೊದಲು ‘ಸ’, ಆಮೇಲೆ ‘ಸ್’, ಆಮೇಲೆ ‘ಸ್ತ’ ಎಂದು ಅಕ್ಷರ ಕಣ್ಣೆದುರೇ ರೂಪ ಬದಲಿಸುತ್ತ ಕುಣಿಯುತ್ತದೆ. ಮಾತು ತೋರಿಸುವ ಲೇಬಲ್ ನೋಡ್‌ನಲ್ಲಿ ‘ವಿಸಿಬಲ್ ಕ್ಯಾರೆಕ್ಟರ್ಸ್ ಬಿಹೇವಿಯರ್’ ಎಂಬುದನ್ನು ‘ಆಫ್ಟರ್ ಶೇಪಿಂಗ್’ಗೆ ಬದಲಿಸಿದರೆ ಮೊದಲು ಜೋಡಿಸಿ ನಂತರ ತೋರಿಸುತ್ತದೆ, ಕುಣಿತ ನಿಲ್ಲುತ್ತದೆ. ಇದು ಸಿಕ್ಕಿದ್ದೂ ಎಫ್1 ಒಳಗೇ. ರೋಮನ್ ಲಿಪಿಯಲ್ಲಿ ಆಟ ಮಾಡುವವರಿಗೆ ಇದರ ಅಗತ್ಯವೇ ಬೀಳದ್ದರಿಂದ ನಾನು ನೋಡಿದ ವಿಡಿಯೋಗಳಲ್ಲಿ ಇದರ ಸುದ್ದಿ ಇರಲಿಲ್ಲ.

ಮೊಬೈಲ್‌ಗೆ ಕಳಿಸುವ ಭಾಗದಲ್ಲಿ ಹಳೆ ಪಾಠ ನೋಡುವುದೇ ಬೇಡ. ಆಂಡ್ರಾಯ್ಡ್‌ಗೆ ಕಟ್ಟಲು ಬೇಕಾದ ಜಾವಾ ಸಲಕರಣೆಯ ವಿಷಯದಲ್ಲಿ ಹಳೆಯವು ಜೆಡಿಕೆ 8 ಹಾಕು ಎನ್ನುತ್ತವೆ, ಈಗಿನ ಕೈಪಿಡಿ ಓಪನ್‌ಜೆಡಿಕೆ 17 ಕೇಳುತ್ತದೆ. ಆಟವನ್ನು ಹೊರಗೆ ಕಳಿಸಲು ಬೇಕಾಗುವ ಎಕ್ಸ್‌ಪೋರ್ಟ್ ಟೆಂಪ್ಲೇಟ್‌ಗಳು ನಿಮ್ಮ ಎಂಜಿನ್ ಆವೃತ್ತಿಗೆ ಕೊನೆಯ ಅಂಕಿಯವರೆಗೂ ಹೊಂದಬೇಕು. ಗೆಳೆಯರ ಫೋನಿಗೆ ನೇರ ಹಾಕಲು ಎಪಿಕೆ ಫೈಲ್ ಸಾಕು. ಪ್ಲೇ ಸ್ಟೋರ್‌ಗೆ ಎಎಬಿ ಎಂಬ ಬೇರೆ ಬಗೆಯ ಫೈಲ್ ಬೇಕು, ಅದಕ್ಕೆ ‘ಗ್ರೇಡಲ್ ಬಿಲ್ಡ್’ ಆಯ್ಕೆ ಹಾಕಿಕೊಳ್ಳಬೇಕು. ಸ್ಟೋರ್ ನೋಂದಣಿಗೆ ಒಮ್ಮೆ 25 ಡಾಲರ್ ಕಟ್ಟಬೇಕು. ಹೊಸ ವೈಯಕ್ತಿಕ ಖಾತೆಯವರು ಕನಿಷ್ಠ 12 ಜನರಿಂದ 14 ದಿನ ಸತತ ಪರೀಕ್ಷೆ ಮಾಡಿಸಬೇಕು. ಈ ಜನರನ್ನು ಆಟ ಮುಗಿಯುವ ಮೊದಲೇ ಗೊತ್ತು ಮಾಡಿಟ್ಟುಕೊಳ್ಳಿ. ನನ್ನ ಪಟ್ಟಿಯಲ್ಲಿ ಸಿಂಧನೂರಿನ ಅಕ್ಕನ ಮಕ್ಕಳೂ ಇದ್ದಾರೆ.

ಇವತ್ತು ಶುರು ಮಾಡುವವರು ಇತ್ತೀಚಿನ ಸ್ಟೇಬಲ್ 4ನ್ನು ಇಳಿಸಿಕೊಳ್ಳಿ, ಆವೃತ್ತಿಯ ಪೂರ್ತಿ ಅಂಕಿಯನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ. ಆಟ ಅರ್ಧಕ್ಕೆ ಬಂದ ಮೇಲೆ ದೋಷ ಸರಿಪಡಿಸಿದ ಸಣ್ಣ ಅಪ್‌ಡೇಟ್‌ಗಳನ್ನು ಮಾತ್ರ ಹಾಕಿಕೊಳ್ಳಿ. ದೊಡ್ಡದಕ್ಕೆ ಹೋಗಲೇಬೇಕಿದ್ದರೆ ಪ್ರಾಜೆಕ್ಟ್ ಫೋಲ್ಡರಿನ ಒಂದು ಪ್ರತಿ ಬೇರೆ ಕಡೆ ಇಟ್ಟು, ಆ ಆವೃತ್ತಿಗೆ ದಾಟುವ ಪುಟವನ್ನು ಕೈಪಿಡಿಯಲ್ಲಿ ಪೂರ್ತಿ ಓದಿ, ಆಮೇಲೆ ತೆರೆಯಿರಿ.