ಮೈಕ್ರೋಟಿಕ್ ಅಪ್‌ಡೇಟ್ ಬಗ್ಗೆ ಹೇಳ್ಲೇಬೇಕು
ಆಫೀಸಲ್ಲಿ ರೌಟರ್, ಸ್ವಿಚ್ ಎರಡೂ ಮೈಕ್ರೋಟಿಕ್ ಕಂಪನಿದೇ, ನಂಗೆ ತುಂಬಾ ಹಿಡಿಸಿದ್ದು ಇವ್ರು ಬಗ್ ಫಿಕ್ಸ್ ಕೊಡೋ ರೀತಿ. ಪ್ರತಿ ವರ್ಷನ್‌ಗೂ ಚೇಂಜ್‌ಲಾಗ್ ಇರುತ್ತೆ, ಬ್ರಿಡ್ಜ್, ಡಿಎಚ್‌ಸಿಪಿ, ವೈಫೈ ಅಂತ ಯಾವ ಭಾಗಕ್ಕೆ ಸೇರಿದ್ದು ಅನ್ನೋ ಹೆಸರು ಮುಂದೆ ಹಾಕಿ ಏನು ಸರಿಮಾಡಿದ್ರು ಅಂತ ಒಂದೊಂದೇ ಸಾಲಲ್ಲಿ ಬರೆದಿರ್ತಾರೆ, ನಮಗೆ ಬೇಕಾದ್ದು ಥಟ್ಟಂತ ಸಿಗುತ್ತೆ, ದುಡ್ಡೂ ಕೊಡ್ಬೇಕಿಲ್ಲ.

2018ರ ಏಪ್ರಿಲಲ್ಲಿ ವಿನ್‌ಬಾಕ್ಸ್ (ಈ ರೌಟರ್‌ಗಳ ಸೆಟ್ಟಿಂಗ್ ಬದಲಿಸೋ ಪ್ರೋಗ್ರಾಂ) ಸೆಕ್ಯುರಿಟಿ ಲೋಪ ಗೊತ್ತಾದಾಗ 6.42.1 ವರ್ಷನ್‌ನಲ್ಲಿ ಬೇಗನೆ ಫಿಕ್ಸ್ ಬಂತು, ಆದ್ರೆ ಅಪ್‌ಡೇಟ್ ಹಾಕದೇ ಬಿಟ್ಟ ಲಕ್ಷಾಂತರ ರೌಟರ್‌ಗಳಿಗೆ ಕ್ರಿಪ್ಟೋ ಮೈನಿಂಗ್ ಸ್ಕ್ರಿಪ್ಟ್ (ಬೇರೆಯವ್ರ ಕಂಪ್ಯೂಟರ್ ಬಳಸಿ ಕ್ರಿಪ್ಟೋ ಕರೆನ್ಸಿ ಗಳಿಸೋ ಕೋಡ್) ನುಗ್ಗಿಬಿಡ್ತು, ನೆನೆಸ್ಕೊಂಡ್ರೆ ಈಗ್ಲೂ ಬೇಜಾರು. ಒಂದು ಮಾತು, ರೌಟರ್‌ಓಎಸ್ (ರೌಟರ್ ನಡೆಸೋ ಮುಖ್ಯ ಸಾಫ್ಟ್‌ವೇರ್) ಅಪ್‌ಗ್ರೇಡ್ ಆದ್ಮೇಲೆ ಸಿಸ್ಟಮ್ ಮೆನುಲಿ ರೌಟರ್‌ಬೋರ್ಡ್ ತೆಗೆದು ಅಲ್ಲಿ ಬೋರ್ಡ್‌ನ ಫರ್ಮ್‌ವೇರ್‌ಗೂ ಅಪ್‌ಗ್ರೇಡ್ ಒತ್ತಿ ಇನ್ನೊಂದ್ಸಲ ರೀಬೂಟ್ ಮಾಡಿ, ಬಹಳ ಜನ ಇದನ್ನ ಮರೀತಾರೆ. ಆಫೀಸಿಗೆ ಅಪ್‌ಡೇಟ್ ತಗೊಳ್ಳೋಕೆ ಸ್ಟೇಬಲ್ ಚಾನೆಲ್ಲೇ ಇರ್ಲಿ, ಇನ್ನೂ ಪರೀಕ್ಷೆಲಿರೋ ವರ್ಷನ್ ಕೊಡೋ ಟೆಸ್ಟಿಂಗ್ ಚಾನೆಲ್ ಬೇಡವೇ ಬೇಡ.